ಕೇಬಲ್ ಕಾಯುತ್ತಿದ್ದ ತಾಂಡೇಲರು

ಮೊನ್ನೆ ಕೆಮ್ಮು ಬಿಡುತ್ತಿಲ್ಲವೆಂದು ಇಲ್ಲಿ ಕತಾರಿನ ಅಲ್ ಮನ್ಸೂರಾದ ಅಂಗಡಿಯೊಂದರಿಂದ ಜ್ಯೇಷ್ಠಮಧುವಿನ ಕಡ್ಡಿ ತಂದೆ. ಬಾಯಿಗಿಟ್ಟು ಜಗಿದೆನೋ ಇಲ್ಲವೋ, ಆ ಸಪ್ಪೆ ಸಿಹಿ ನಾಲಿಗೆಗೆ ಹತ್ತಿದ್ದೇ ತಡ, ಮೈಯೆಲ್ಲ ಉರಿಯಿತು. ಸಿಟ್ಟಿನಿಂದ. ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ರೂಮಿನಲ್ಲಿ ನನ್ನ ಪಕ್ಕದ ಮಂಚ ತಾಂಡೇಲರದ್ದು. ಅವರ ಅಂಗಿ ಜೇಬಿನಲ್ಲಿ ಯಾವಾಗಲೂ ಇಂಥದೇ ಕಡ್ಡಿ ಇರುತ್ತಿತ್ತು. ದಿನವಿಡೀ ಕೂಗಿ ಕೂಗಿ ಗಂಟಲು ಕಟ್ಟಿಹೋಗುತ್ತಿತ್ತು, ಪಾಪ...

ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ಬೋಟು ನಡೆಸುವವನನ್ನು ತಾಂಡೇಲ ಅನ್ನುತ್ತಾರೆ. ಮಲ್ಪೆಯಲ್ಲಿ ಅರ್ಧ ಆಯುಷ್ಯ ಆ ಕೆಲಸ ಮಾಡಿ ಕತಾರಿಗೆ ಬಂದವರು ಅವರು. ಇಲ್ಲಿ ಸಿಕ್ಕಿದ್ದು ವಿಚಿತ್ರ ಕೆಲಸ. ಫೋನು, ಇಂಟರ್ನೆಟ್ಟಿನ ಕೇಬಲ್ ಸಮುದ್ರದ ತಳದಲ್ಲಿ ಹೋಗುತ್ತದಲ್ಲ, ಅದನ್ನು ದಡಕ್ಕೆ ಹತ್ತಿರವಿರುವ ಕಡೆಗಳಲ್ಲಿ ಹೂಳುತ್ತಾರೆ. ಒಂದು ಕಡೆ ಬರೀ ಬಂಡೆ. ಅಲ್ಲಿ ಹೂಳಲಾಗದೆ ಕೇಬಲ್ ಬತ್ತಲೆಯಾಗಿ ಬಿದ್ದಿತ್ತು. ಯಾವುದಾದರೂ ಹಡಗು ಅಲ್ಲಿ ಲಂಗರು ಹಾಕಿದರೆ ಮುಗಿಯಿತು. ಅದಕ್ಕೇ ಅದರ ಮೇಲೆ ಒಂದು ಬೋಟು ನಿಲ್ಲಿಸಿ, ಹತ್ತಿರ ಬಂದವರನ್ನು ರೇಡಿಯೋದಲ್ಲಿ ಎಚ್ಚರಿಸಿ ದೂರ ಕಳಿಸಲು ಇವರನ್ನು ಕೂರಿಸಿದ್ದರು. ಕೆಲವು ವಾರ ನೀರಿನಲ್ಲಿ, ಕೆಲವು ವಾರ ರೂಮಿನಲ್ಲಿ.

“ಮೀನು ಹಿಡಿಯುದು ಬಿಟ್ಟು ಈಗ ವಯರು ಕಾಯುದು ಮಾರಾಯ” ಎಂದು ನಗುತ್ತಿದ್ದರು.

ಬೇರೆ ಕಾವಲಿನವರು ‘ದೂರ ಹೋಗಿ’ ಎಂದು ಗದರಿಸಿ ಸುಮ್ಮನಾಗುತ್ತಿದ್ದರಂತೆ. ಇವರಿಗೆ ಅದು ಬಾರದು. ನಮ್ಮ ಕಡೆ ಬಲೆ ಬಿಟ್ಟ ಬೋಟಿನವನು ಎದುರು ಬಂದವನಿಗೆ ಬಲೆ ಎಲ್ಲಿಗೆ ಮುಗಿಯುತ್ತದೆಂದು ತೋರಿಸಿ ದಾರಿ ಬಿಡುತ್ತಾನೆ. ಸುಮ್ಮನೆ ಸುತ್ತು ಹಾಕಿಸಿ ಇನ್ನೊಬ್ಬನ ಡೀಸೆಲ್ ಸುಡಿಸುವುದು ಮರ್ಯಾದೆಯಲ್ಲ. ತಾಂಡೇಲರು ಕೇಬಲ್ಲಿಗೂ ಅದೇ ಮರ್ಯಾದೆ ನಡೆಸಿದರು. ಎಡಕ್ಕೆ ಹೋಗು, ಇನ್ನೂ ಸ್ವಲ್ಪ, ಹಾಂ ಸಾಕು, ಇನ್ನು ತೊಂದರೆ ಇಲ್ಲ ಎಂದು ಕೈಹಿಡಿದು ದಾಟಿಸಿದ ಹಾಗೆ ದಾಟಿಸುತ್ತಿದ್ದರು. ಕಂಪನಿಯವರೂ ಹೊಗಳಿದ್ದರು, ಇವರ ಪಾಳಿಯಲ್ಲಿ ಯಾರದೂ ತಕರಾರಿಲ್ಲ ಅಂತ.

ಒಂದು ಸಲ ರಜೆಯಲ್ಲಿ ರೂಮಿಗೆ ಬಂದವರು ಬಹಳ ಖುಷಿಯಲ್ಲಿದ್ದರು. ಬಿಳಿ ಹಡಗೊಂದು ಆ ಕಡೆ ಸುಳಿದಾಡುತ್ತಿತ್ತಂತೆ. ಬಲೆಯಿಲ್ಲ, ಸರಕಿಲ್ಲ, ಹಿಂದುಗಡೆ ಒಂದು ಕ್ರೇನು. ಒಮ್ಮೆ ಈ ದಿಕ್ಕಿನಿಂದ ಬರುವುದು, ಒಮ್ಮೆ ಆ ದಿಕ್ಕಿನಿಂದ. ಇವರು ಪ್ರತಿ ಸಲವೂ ಕೂಗಿ ದಾಟಿಸಿದ್ದೇ ದಾಟಿಸಿದ್ದು.

“ಎಷ್ಟು ಒಳ್ಳೆ ಜನ ಗೊತ್ತುಂಟಾ? ಪ್ರತಿ ಸಲ ಥ್ಯಾಂಕ್ಯೂ ಕ್ಯಾಪ್ಟನ್ ಹೇಳ್ತಾರೆ. ನನ್ನನ್ನು ಕ್ಯಾಪ್ಟನ್ ಅಂತ ಯಾರು ಕರೀತಾರೆ ಮಾರಾಯ?”

ಸ್ವಲ್ಪ ದಿನಕ್ಕೇ ಕೇಬಲ್ ತುಂಡಾಯಿತು. ಆ ಬಂಡೆಯ ಮೇಲೆಯೇ, ಕಾವಲು ಬೋಟು ಕುಡಿಯುವ ನೀರು, ಡೀಸೆಲ್ ತುಂಬಿಸಿಕೊಳ್ಳಲು ದಡಕ್ಕೆ ಹೋಗಿದ್ದ ಹೊತ್ತಿನಲ್ಲಿ. ಊರಿಗೆ ಮಾಡಿದ ವಿಡಿಯೋ ಕಾಲುಗಳೆಲ್ಲ ಅರ್ಧಕ್ಕೇ ನಿಂತವು. ಯಾವುದೋ ಹಡಗಿನ ಲಂಗರು ತಾಗಿದೆ ಎಂದು ಹೊರಗೆ ಹೇಳಿದರು. ಒಳಗೆ, ಕಂಪನಿಯ ಆಫೀಸಿಗೆ ತಾಂಡೇಲರನ್ನು ಕರೆಸಿದರು. ಅವರಿಗೆ ಬರುತ್ತಿದ್ದುದು ತುಳು, ಕನ್ನಡ, ರೇಡಿಯೋಕ್ಕೆ ಬೇಕಾದಷ್ಟು ಮುರುಕು ಇಂಗ್ಲಿಷು. ಹಾಗಾಗಿ ಮಾತು ತಿಳಿಸಲು ನಾನೂ ಹೋದೆ.

ಮ್ಯಾನೇಜರ್ ನಮ್ಮ ದೇಶದವನೇ. ಕೂರಿ ಎಂದೂ ಅನ್ನಲಿಲ್ಲ. ರೇಡಿಯೋದ ರೆಕಾರ್ಡಿಂಗ್ ಹಾಕಿದ. ತಾಂಡೇಲರ ಒಡಕು ದನಿ ಆ ತಣ್ಣನೆಯ ಕೋಣೆಯಲ್ಲಿ ಕೇಳಿಸಿತು.

“ಹಲೋ ವೈಟ್ ಶಿಪ್! ಕೇಬಲ್, ಕೇಬಲ್! ಗೋ ಲೆಫ್ಟ್... ಲೆಫ್ಟ್... ಖಲಾಸ್. ನೌ ಓಕೆ.”

ಅವರು ಓಕೆ ಎಂದಲ್ಲೆಲ್ಲ ಅವನು ರೆಕಾರ್ಡಿಂಗ್ ನಿಲ್ಲಿಸಿ, ಗೋಡೆಯ ಪರದೆಯ ನಕ್ಷೆಯಲ್ಲಿ ಒಂದೊಂದು ಚುಕ್ಕಿ ಇಟ್ಟ. ಕೊನೆಗೆ ಚುಕ್ಕಿಗಳೆಲ್ಲ ಸೇರಿ, ಹೂಳದೆ ಬಿಟ್ಟ ಭಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಸ್ಪಷ್ಟವಾಗಿ ಕಾಣಿಸಿತು. ಕೇಬಲ್ ಹೋಗುವ ಗೆರೆ ಎಲ್ಲ ಹಡಗಿನವರ ನಕ್ಷೆಯಲ್ಲೂ ಇರುತ್ತದಂತೆ. ಯಾವ ತುಂಡು ಬತ್ತಲೆ ಎಂಬುದು ಮಾತ್ರ ಗುಟ್ಟು.

“ಯಾರ ಪರವಾಗಿ ಕೆಲಸ ಮಾಡ್ತಿದ್ದಾನೆ ಕೇಳು” ಎಂದ ನನಗೆ.

ತಾಂಡೇಲರಿಗೆ ಅದನ್ನು ಹೇಳಿದೆ. “ನಾನು ಓಡಿಸಿದ್ದು ಮಾರಾಯ, ಕರೆದದ್ದಲ್ಲ. ಸರಿಯಾಗಿ ಹೇಳು ಇವರಿಗೆ” ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, “ಇಂಥ ಕಳ್ಳರು ಬರ್ತಾರೆ ಅಂತ ಇವರಿಗೆ ಮೊದಲೇ ಗೊತ್ತಿತ್ತಾ, ಕೇಳು” ಎಂದರು.

ಕೇಳಿದೆ. ಗೊತ್ತಿತ್ತಂತೆ! ನೀರಡಿಯಲ್ಲಿ ಓಡುವ ಯಂತ್ರಗಳನ್ನು ಬಿಟ್ಟು ಕೇಬಲ್ ಹುಡುಕುವ ಹಡಗುಗಳಿವೆ, ಕೆಲವರು ಕದ್ದು ಕೇಳಲು, ಕೆಲವರು ಕಡಿಯಲು. ಅಂಥವರ ಬಗ್ಗೆ ಮೇಲಿನಿಂದ ಎಚ್ಚರಿಕೆಯೂ ಬಂದಿತ್ತಂತೆ. ಆದರೆ ಅದು ಗೌಪ್ಯ, ಬೋಟಿನ ಕೆಲಸದವರಿಗೆ ಹೇಳುವಂಥದ್ದಲ್ಲ ಎಂದ. ಥೂ! ಕಳ್ಳ ಬರುತ್ತಾನೆಂದು ಮನೆಯೊಳಗಿನವರಿಗೆಲ್ಲ ಗೊತ್ತು, ಬಾಗಿಲಲ್ಲಿ ಕೂರಿಸಿದವನಿಗೆ ಮಾತ್ರ ಗುಟ್ಟು. ಎಂಥ ನ್ಯಾಯ ಇದು? ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಾಯಿಗೆ ಬಂದದ್ದು ಬೈದೆ. ಸೆಕ್ಯೂರಿಟಿಯವನು ಬಂದು ನನ್ನನ್ನು ಹೊರಗೆ ಹಾಕಿದ.

ಬಿಳಿ ಹಡಗೇ ಕಡಿಯಿತೋ, ಅದು ಯಾವ ದೇಶದ್ದೋ, ಇವತ್ತಿಗೂ ಯಾರೂ ಹೇಳಿಲ್ಲ. ಅಷ್ಟು ದೊಡ್ಡವರನ್ನು ಕೇಳುವ ಗಂಡಸು ಎಲ್ಲಿದ್ದಾನೆ? ವೀಸಾ ರದ್ದು ಮಾಡಿ ತಾಂಡೇಲರನ್ನು ಊರಿಗೆ ಕಳಿಸಿದರು. ಗೂಢಚಾರ ಎಂಬ ಮಾತು ಅವರಿಗಿಂತ ಮೊದಲೇ ವಾಟ್ಸಾಪಿನಲ್ಲಿ ಮಲ್ಪೆ ತಲುಪಿತ್ತು. ಯಾವ ಮಾಲೀಕನೂ ಅವರ ಕೈಗೆ ಬೋಟು ಕೊಡಲಿಲ್ಲ.

ಹೋದ ವರ್ಷ ನಾನು ಮಲ್ಪೆಗೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಎದೆ ನೋವಂತೆ... ಅವರ ಹೆಂಡತಿ ಚಹಾ ಕೊಟ್ಟು, ನಾನು ಕೇಳದಿದ್ದರೂ ಹೇಳಿದರು. ಒಂದು ದಿನ ಸಣ್ಣ ಬೋಟೊಂದು ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ದಾರಿ ತಪ್ಪಿ ಮರಳು ದಿಬ್ಬದ ಕಡೆಗೇ ಬರುತ್ತಿತ್ತಂತೆ. ಬೊಬ್ಬೆ ಹೊಡೆದು ತಿರುಗಿಸಬೇಕಿದ್ದ ತಾಂಡೇಲರು ದಡದಲ್ಲೇ ಇದ್ದರು. ಎದ್ದು ನಿಂತರು, ಕೂಗಲಿಲ್ಲ. ಬೋಟು ಮಗುಚಿತು. ದೇವರು ದೊಡ್ಡವನು, ಎಲ್ಲರೂ ಈಜಿ ಬಂದರು. ಇವರು ಮನೆಗೆ ಬಂದು, ಬಾಯಿಯೇ ಬರಲಿಲ್ಲ ಎಂದು ಊಟ ಬಿಟ್ಟು ಅತ್ತರಂತೆ.

“ಜನವನ್ನು ವಾಪಸ್ ಕಳಿಸಿದ್ರಿ. ಅವರ ಬಾಯಿಯನ್ನು ಅಲ್ಲೇ ಇಟ್ಟುಕೊಂಡ್ರಿ ನೀವು” ಎಂದರು ಆ ಅಕ್ಕ. ಚಹಾ ಹಾಗೇ ಉಳಿಯಿತು.

ಮೊನ್ನೆ ಆ ಕಡ್ಡಿ ಉಗಿದವನು ನಿನ್ನೆ ಶುಕ್ರವಾರ ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದೆ. ಎದುರಿಗೆ ಗಂಗೊಳ್ಳಿ ಕಡೆಯ ಒಬ್ಬ, ಹೊಸದಾಗಿ ಬಂದವನು. ಅದೇ ಕಂಪನಿ, ಅದೇ ಬಂಡೆಯ ಮೇಲೆ ಅದೇ ಕಾವಲು ಕೆಲಸ. ರೇಡಿಯೋದಲ್ಲಿ ಏನೇನು ಕೂಗಬೇಕೆಂದು ಕಲಿಸಿದ್ದಾರೆ ಎಂದ.

“ಕೇಬಲ್ ಹುಡುಕಿಕೊಂಡು ಬರುವವರ ವಿಷಯ ಹೇಳಿದ್ದಾರಾ?” ಎಂದು ಕೇಳಿದೆ.

“ಯಾರು ಬರುದು?” ಎಂದ ಅವನು.