ಎತ್ತಿಗೆ ಸೋಮವಾರ, ನಮಗೆ ಐತವಾರ

ಈಗಿನ ಹುಡುಗಿಯರು ಬೈಬಲ್ ವಚನವನ್ನು ಬಣ್ಣದ ಕಾಗದದ ಮೇಲೆ ಬರೆದು ಗೋಡೆಗೆ ಹಚ್ಚುತ್ತಾರೆ. ಹಚ್ಚಲಿ. ನಮ್ಮ ಕಾಲಕ್ಕೆ ಕಾಗದ ಇರಲಿಲ್ಲ, ಗೋಡೆಯೂ ಅಷ್ಟು ಗಟ್ಟಿ ಇರಲಿಲ್ಲ. ನಾವು ವಚನವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆವು.

ಕೊಪ್ಪಳದಿಂದ ಒಬ್ಬ ಬೈಬಲಮ್ಮ ನಮ್ಮ ಕೇರಿಗೆ ಬರುತ್ತಿದ್ದಳು. ಇರಕಲ್ಲಗಡದ ತನಕ ಯಾರದಾದರೂ ಬಂಡಿ ಸಿಕ್ಕರೆ ಬಂಡಿ, ಅಲ್ಲಿಂದ ಮುಂದೆ ನಡಿಗೆ. ಗಂಡ ಸತ್ತವಳು, ಬಿಳಿ ಸೀರೆ, ಬಾಯಿ ಜೋರು. ಹೆಂಗಸರು ಜೋಳ ಹಸನು ಮಾಡುತ್ತ ಕೂತಲ್ಲೇ ಬಂದು ಕೂತು ಒಂದು ವಚನ ಹೇಳಿಕೊಡುವಳು. ಅಕ್ಷರ ಬಲ್ಲವರು ಯಾರಿದ್ದರು? ನಾನೊಬ್ಬಳು ಮಿಷನ್ ಸಾಲೆಯಲ್ಲಿ ಎರಡು ವರ್ಷ ಕೂತಿದ್ದೆ, ಕೂಡಿಸಿ ಕೂಡಿಸಿ ಓದುತ್ತಿದ್ದೆ. ಉಳಿದವರಿಗೆ ಗಂಟೇ ಪುಸ್ತಕ. ಮುಂದಿನ ಸಲ ಬಂದಾಗ ಬೈಬಲಮ್ಮ ಬಾಯಿಪಾಠ ಒಪ್ಪಿಸು ಎನ್ನುತ್ತಿರಲಿಲ್ಲ. ಗಂಟು ಹಿಡಿದು ನೋಡಿ, “ಇದನ್ನ ಏನ್ ಮಾಡಿದಿ?” ಎಂದು ಕೇಳುವಳು. ಆ ವಚನದಂತೆ ಏನಾದರೂ ಮಾಡಿದ್ದರೆ ಗಂಟು ಬಿಚ್ಚಬಹುದು. ಇಲ್ಲದಿದ್ದರೆ ಹಾಗೇ ಇರಬೇಕು. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ವಚನದ ಗಂಟು ನಮ್ಮ ಪಕ್ಕದ ಮನೆಯವಳ ಸೆರಗಿನಲ್ಲಿ ಒಂದು ವರ್ಷ ಇತ್ತು. ಅವಳ ಕೋಳಿ ನಮ್ಮ ಹಿತ್ತಿಲಿಗೆ ಬರುವುದೂ ನಿಲ್ಲಲಿಲ್ಲ, ಅವಳ ಬೈಗುಳವೂ ನಿಲ್ಲಲಿಲ್ಲ.

ನನ್ನ ಅತ್ತೆ ಮಾತ್ರ ಗಂಟು ಹಾಕಿದವಳಲ್ಲ. ದೀಕ್ಷಾಸ್ನಾನ ಆಗಿತ್ತು, ಪ್ರಾರ್ಥನೆಗೆ ಬರುತ್ತಿದ್ದಳು, ಕಣ್ಣು ಮುಚ್ಚಿ ನಿದ್ದೆಯನ್ನೂ ಮಾಡುತ್ತಿದ್ದಳು. ಗಂಟಿನ ಮಾತು ತೆಗೆದರೆ, “ಸೀರಿ ಇರೋದು ಒಂದು. ಅದನ್ನೂ ಗಂಟ ಹಾಕಿ ಹಾಕಿ ಹರಕೋಬೇಕೇನು?” ಎನ್ನುವಳು.

ಜರ್ಮನಿಯ ಲಡಾಯಿ ನಡೆದಿದ್ದ ವರ್ಷಗಳು. ನಿಜಾಮರ ಸರಕಾರ ಲೆವಿ ಎಂದು ಎಲ್ಲರ ಕಣದಿಂದ ಜೋಳ ಎತ್ತುತ್ತಿತ್ತು. ನನ್ನ ಗಂಡ ಹೊಳೆಯ ಕಡೆಗೆ ಕಲ್ಲು ಒಡೆಯಲು ಹೋಗಿದ್ದ. ಮನೆಯಲ್ಲಿ ಅತ್ತೆ, ನಾನು, ಇಬ್ಬರೇ. ನಮಗೆ ಗೇಣು ಹೊಲ ಇರಲಿಲ್ಲ. ಹಿಂಗಾರಿ ಜೋಳ ಕೊಯ್ದ ಮೇಲೆ ಗೌಡರ ಹೊಲದಲ್ಲಿ ಉದುರಿದ ತೆನೆ ಆರಿಸುವುದೇ ನಮ್ಮ ಬೆಳೆ. ಅದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. ಕೇರಿಯ ಹೆಂಗಸರಿಗೆ ಹಿಂದಿನಿಂದ ಬಂದ ಹಕ್ಕು ಅದು. ಆ ತೆನೆ ಬಡಿದು ಗಡಿಗೆಗೆ ತುಂಬಿದರೆ ಮಳೆ ಬೀಳುವ ತನಕ ರೊಟ್ಟಿ. ತುಂಬದಿದ್ದರೆ ಇಲ್ಲ. ನಡುವೆ ಬೇರೆ ದಾರಿ ಇರಲಿಲ್ಲ.

ಆ ವರ್ಷ ಬೈಬಲಮ್ಮ ಹೇಳಿಕೊಟ್ಟದ್ದೂ ಹಕ್ಕಲಿನದೇ ಮಾತು. ಬೆಳೆ ಕೊಯ್ಯುವವನು ಹೊಲದ ಅಂಚನ್ನು ಬೋಳಿಸಬಾರದು, ಉದುರಿದ ತೆನೆಯನ್ನು ತಾನೇ ಆರಿಸಬಾರದು, ಅದು ಬಡವರದು, ಪರದೇಶಿಗಳದು ಎಂದು ದೇವರೇ ಕಟ್ಟಳೆ ಮಾಡಿದ್ದಾನಂತೆ. ಅದರ ಜೊತೆಗೆ ಒಂದು ಕಥೆಯನ್ನೂ ಹೇಳಿದಳು. ಗಂಡ ಸತ್ತ ಸೊಸೆಯೊಬ್ಬಳು ತವರಿಗೆ ಹೋಗದೆ ಅತ್ತೆಯ ಜೊತೆ ಬೇರೆ ಸೀಮೆಗೆ ಬಂದು, ಹಕ್ಕಲು ಆಯ್ದು ಅತ್ತೆಯನ್ನು ಸಾಕಿದಳು. ಹೊಲದ ಧಣಿ ಅವಳನ್ನು ನೋಡಿ, ಇವಳ ಮುಂದೆ ಬೇಕೆಂತಲೇ ತೆನೆ ಬೀಳಿಸಿರಿ ಎಂದು ಆಳುಗಳಿಗೆ ಹೇಳಿದ.

ಅತ್ತೆ ಅಂದು ನಿದ್ದೆ ಮಾಡಿರಲಿಲ್ಲ. “ಅತ್ತೀನ ಬಿಟ್ಟ ಹೋಗದ ಸೊಸಿ ಒಬ್ಬಾಕಿ ಇದ್ಲಂತ? ಅದಕ್ಕ ಬರದಿಟ್ಟಾರ ನೋಡು,” ಎಂದಳು. ಎಲ್ಲರೂ ನಕ್ಕರು. ನಾನು ಗಂಟು ಹಾಕಿಕೊಂಡೆ.

ಮರುದಿನ ಗೌಡರ ಆಳು ಕೇರಿಯ ಬಾಯಿಗೆ ನಿಂತು ಕೂಗಿದ. “ಐತವಾರ ಮುಂಜಾನೆ ಕಣಾ ಸಾರಸಾಕ ಮನಿಗೊಬ್ಬಾಕಿ ಬರಬೇಕಂತ. ಯೇಸುವಿನ ಮಂದಿನೂ ಬರಬೇಕು. ಬರದವರಿಗೆ ಹಕ್ಕಲ ಬಂದ್!”

ಕಣ ಸಾರಿಸುವುದೆಂದರೆ ನೆಲ ತೋಯಿಸಿ, ಬಡಿದು, ಸಗಣಿ ಬಳಿಯುವುದು. ಅದಕ್ಕೆ ಕೂಲಿ ಇಲ್ಲ, ಬಿಟ್ಟಿ. ಬಿಟ್ಟಿಗೆ ನಾವು ಹೆದರಿದವರಲ್ಲ, ಹುಟ್ಟಿದಾಗಿನಿಂದ ಮಾಡಿದ್ದೇ. ಆದರೆ ಐತವಾರ ಬೆಳಗ್ಗೆ ನಮ್ಮ ಪ್ರಾರ್ಥನೆ. ವಾರವೆಲ್ಲ ಊರಿನದು, ಅದೊಂದು ಹೊತ್ತು ನಮ್ಮದು. ಗೌಡರಿಗೆ ಐತವಾರವೇ ಯಾಕೆ ಬೇಕಿತ್ತು ಎಂಬುದೂ ನಮಗೆ ಗೊತ್ತಿತ್ತು. ಸೋಮವಾರ ಬಸವಣ್ಣನ ವಾರ. ಗೌಡರು ಅವತ್ತು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಐತವಾರ ಸಾರಿಸಿದರೆ ಸೋಮವಾರ ಕಣ ಒಣಗುತ್ತದೆ, ಎತ್ತೂ ದಣಿವು ಆರಿಸಿಕೊಳ್ಳುತ್ತವೆ, ಮಂಗಳವಾರ ತೆನೆ ತುಳಿಸಲು ಹಂತಿ ಹೂಡಬಹುದು. ಲೆಕ್ಕ ಸರಿಯಾಗಿಯೇ ಇತ್ತು. ನಮ್ಮನ್ನು ಮಾತ್ರ ಲೆಕ್ಕದಲ್ಲಿ ಹಿಡಿದಿರಲಿಲ್ಲ.

ನಾವು ಹೆಂಗಸರು ಉಪದೇಶಿಯ ಮನೆಗೆ ಹೋದೆವು. ಅವನೇ ನಮಗೆ ಪ್ರಾರ್ಥನೆ ನಡೆಸುವವನು. ಒಳ್ಳೆಯ ಮನುಷ್ಯ, ಆದರೆ ಗೌಡರ ಹೆಸರು ಕೇಳಿದರೆ ರುಮಾಲು ಸರಿಮಾಡಿಕೊಳ್ಳುವನು.

“ಹೋಗಿ ಬರ್ರಿ, ತಂಗಿ. ಒಂದ ಐತವಾರ ತಾನ?” ಎಂದ. “ಆಳುಗಳು ಧಣ್ಯಾರ ಮಾತು ಕೇಳ್ಬೇಕಂತ ವಾಕ್ಯದಾಗ ಐತಿ. ಒಂದು ಗಲ್ಲಕ್ಕ ಹೊಡದ್ರ ಇನ್ನೊಂದು ಗಲ್ಲಾ ಕೊಡಬೇಕಂತನೂ ಐತಿ.”

ಆ ಗಲ್ಲದ ಮಾತನ್ನು ನಾನು ಅಷ್ಟು ಹೊತ್ತಿಗೆ ನೂರು ಸಲ ಕೇಳಿದ್ದೆ. ಹೊಡೆಸಿಕೊಂಡವರ ಮನೆಗೇ ಬಂದು ಅದನ್ನು ಹೇಳುವುದು ಸುಲಭ. ಹೊಡೆದವರ ಮನೆಗೆ ಹೋಗಿ ಹೇಳಿದವರನ್ನು ನಾನು ಕಂಡಿಲ್ಲ.

“ಅಯ್ಯಾರ,” ಎಂದೆ, “ವಚನ ಎಲ್ಲಾ ಕೇರಿಗಷ್ಟ ಇಳದಾವೇನ್ರಿ? ಗೌಡರ ವಾಡೇದ ಮೆಟ್ಟಲಾ ಒಂದೂ ಹತ್ತಂಗಿಲ್ಲೇನು?”

“ಹಂಗನಬಾರದು, ತಂಗಿ.”

“ನಾ ಅನ್ನಾಕ್ಹತ್ತಿಲ್ಲ, ಕೇಳಾಕ್ಹತ್ತೀನಿ. ಆಳು, ಎತ್ತು, ಎಲ್ಲಾರಿಗೂ ಒಂದು ದಿನ ದಣಿವು ಆರಲಿ ಅಂತ ಹೇಳಿದ್ದು ಯಾರ ಸಲುವಾಗಿ? ಗೌಡರ ಎತ್ತು ಸೋಮವಾರ ಮಲಗ್ತಾವ. ನಾವು ಆ ಎತ್ತಿಗಿಂತ ಕಡಿಮಿ ಏನ್ರಿ?”

ಅವನು ರುಮಾಲು ಸರಿಮಾಡಿಕೊಂಡ.

ಮನೆಗೆ ಬಂದರೆ ಅತ್ತೆಯ ಪಾಳಿ. “ಬಾಯಿ ಭಾಳ ಆತು ನಿಂದು. ಹಕ್ಕಲ ಬಂದಾದ್ರ ಆ ಸೆರಗಿನ ಗಂಟು ಕುದಿಸಿಕೊಂಡು ತಿಂತಿಯೇನು?”

“ತಿಂತೀನಿ. ನಿಮಗೂ ಒಂದ ತುತ್ತು ಕೊಡ್ತೀನಿ.”

“ಉಪ್ಪು ಹಾಕು ಮತ್ತ,” ಎಂದು ಮುಖ ತಿರುಗಿಸಿ ಮಲಗಿದಳು.

ಮರುದಿನ ಹೊತ್ತು ಏರುವ ಮೊದಲೇ ಬುಟ್ಟಿ ಹಿಡಿದು ಹೊಲಕ್ಕೆ ಹೋದೆ. ಮುಖ ತಿರುಗಿಸಿ ಮಲಗಿದ್ದ ಅತ್ತೆಯೂ ಹಿಂದಿನಿಂದ ಬಂದಳು, ಮಾತಿಲ್ಲ ಕತೆಯಿಲ್ಲ. ನಮ್ಮ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು. ಕೊಯ್ಯುವ ಕೂಲಿಯವರು ಮುಂದೆ, ನಾವು ಹಿಂದೆ. ಎರೆಮಣ್ಣಿನ ಬಿರುಕಿನಲ್ಲಿ ಸಿಕ್ಕ ತೆನೆಯನ್ನೂ ಬೆರಳು ಹಾಕಿ ಎತ್ತುತ್ತಿದ್ದೆವು. ಬುಟ್ಟಿ ಅರ್ಧ ಆಗುವಷ್ಟರಲ್ಲಿ ಆಳು ಓಡಿ ಬಂದ.

“ಐತವಾರ ಬರಂಗಿಲ್ಲ ಅಂದೀರಂತ, ಗೌಡ್ರ ಕಿವಿಗೆ ಬಿದ್ದೈತಿ. ಬರದವರಿಗೆ ಹಕ್ಕಲ ಬಂದ್ ಅಂತ ಹೇಳಿಲ್ಲೇನಬೇ?”

“ಬಡವರಿಗೆ ಹಕ್ಕಲ ಬಿಡಬೇಕಂತ ಹುಕುಂ ಐತಿ,” ಎಂದೆ. ಬಾಯಿಗೆ ಬಂದದ್ದು ಆ ಮಾತು. ನಾನು ವಚನವನ್ನೇ ಹೇಳಿದ್ದು, ನನಗೆ ಅದು ಹುಕುಮೇ ಆಗಿತ್ತು.

ಅವನ ಮುಖ ಬದಲಾಯಿತು. ಆ ದಿನಗಳಲ್ಲಿ ಲೆವಿಯ ಹೆಸರಿನಲ್ಲಿ ದಿನಕ್ಕೊಂದು ಹುಕುಂ ಬರುತ್ತಿತ್ತು. “ಎಲ್ಲಿಂದು? ಹೈದರಾಬಾದಿಂದೇನು?”

“ಅದಕ್ಕೂ ಮ್ಯಾಲಿಂದು.”

ಹೈದರಾಬಾದಿಗಿಂತ ಮೇಲೆ ಏನಿದೆ ಎಂದು ಅವನಿಗೆ ತಿಳಿಯಲಿಲ್ಲ. ಓಡಿ ಹೋಗಿ ಗೌಡರನ್ನೇ ಕರೆತಂದ. ಗೌಡರು ಕೊಡೆ ಹಿಡಿದು, ಬದುವಿನ ಮೇಲೆ ಮೆಲ್ಲಗೆ ಬಂದರು. ದಪ್ಪ ಮನುಷ್ಯ, ಹಣೆತುಂಬ ವಿಭೂತಿ. ನಾವೆಲ್ಲ ಬುಟ್ಟಿ ಇದ್ದಲ್ಲೇ ಬಿಟ್ಟು ಹಿಂದೆ ಸರಿದು ದೂರ ನಿಂತೆವು. ಆಗಿನ ರೂಢಿ ಅದು, ನಮ್ಮ ನೆರಳೂ ಸೋಂಕಬಾರದು.

“ಏನಬೇ, ಯಾರ ಹುಕುಂ ತಂದಿದ್ದಿ?”

ಹೆದರಿಕೆ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೂ ಸೆರಗಿನ ಗಂಟು ಗಟ್ಟಿಯಾಗಿ ಹಿಡಿದು ದೇವರ ಕಟ್ಟಳೆ ಹೇಳಿದೆ, ಆ ಸೊಸೆಯ ಕಥೆಯನ್ನೂ ಹೇಳಿದೆ, ಧಣಿ ತೆನೆ ಬೀಳಿಸಲು ಹೇಳಿದ್ದನ್ನೂ ಬಿಡಲಿಲ್ಲ. ಕೊಯ್ಯುವವರು ಕುಡುಗೋಲು ನಿಲ್ಲಿಸಿ ಕೇಳುತ್ತಿದ್ದರು.

ಗೌಡರು ಪೂರಾ ಕೇಳಿದರು. ಕೇಳಿ, “ಆ ಧಣಿಗೆ ಲೆವಿ ಇರಲಿಲ್ಲ ಕಾಣಸ್ತೈತಿ,” ಎಂದರು. ಕೂಲಿಯವರು ನಕ್ಕರು.

“ಲೆವಿ ಸಾಹೇಬ್ರು ಹಕ್ಕಲಾನೂ ಅಳೀತಾರೇನ್ರಿ, ಧಣ್ಯಾರ?”

“ಉದ್ದ ಮಾತು ಬ್ಯಾಡ. ಐತವಾರ ಕಣಾ ಸಾರಸಾಕ ಬರ್ತಿಯೋ ಇಲ್ಲೋ?”

“ಸೋಮವಾರ ಬರ್ತೀನ್ರಿ.”

“ಸೋಮವಾರ ಯಾಕ?”

“ಸೋಮವಾರ ನಿಮ್ಮ ಎತ್ತಿಗೆ ಸೂಟಿ. ನೀವು ಅವಕ್ಕ ನೊಗಾ ಇಡಂಗಿಲ್ಲ, ಅದು ಛಲೋ ಮಾತು, ನಿಮ್ಮ ದೇವರು ಹೇಳಿದ್ದನ್ನ ನೀವು ನಡಸ್ತೀರಿ. ನಮ್ಮ ದೇವರು ಐತವಾರ ಅಂದಾನ್ರಿ. ಎತ್ತಿಗೆ ಬಿಟ್ಟಷ್ಟು ನಮಗೂ ಬಿಡ್ರಿ.”

ನಗುತ್ತಿದ್ದ ಕೂಲಿಯವರು ಗೌಡರ ಮುಖ ನೋಡಿದರು. ಗೌಡರ ಕಿವಿ ಕೆಂಪಾಯಿತು. ಕೈಯಿಂದ ಮುಟ್ಟುವಂತಿಲ್ಲವಲ್ಲ, ಕೊಡೆಯ ತುದಿಯಿಂದ ನನ್ನ ಬುಟ್ಟಿಯನ್ನು ಮಗುಚಿದರು. ಬೆಳಗಿನಿಂದ ಆಯ್ದ ತೆನೆಯೆಲ್ಲ ಮಣ್ಣುಪಾಲಾಯಿತು. “ಹೋಗು, ನಿಮ್ಮ ದೇವರನ್ನ ಕೇಳು ಕೊಡ್ತಾನ,” ಎಂದರು.

ನಾನು ಬಾಯಿ ತೆರೆದೆ. ಮತ್ತೊಂದು ಮಾತು ಆಡಿದ್ದರೆ ಏನಾಗುತ್ತಿತ್ತೋ. ಅಷ್ಟರಲ್ಲಿ ನನ್ನ ಅತ್ತೆ ಕುಕ್ಕುರುಗಾಲಲ್ಲಿ ಕೂತಳು. ಕೂತು, ಚೆಲ್ಲಿದ ತೆನೆಯನ್ನು ಒಂದೊಂದಾಗಿ ತನ್ನ ಬುಟ್ಟಿಗೆ ಹಾಕತೊಡಗಿದಳು.

“ಏ ಮುದುಕಿ, ಏನ್ ಮಾಡಾಕ್ಹತ್ತಿ?”

“ಹಕ್ಕಲಾ ಆರಸಾಕ್ಹತ್ತೀನ್ರಿ, ನಮ್ಮಪ್ಪಾ,” ಎಂದಳು, ತಲೆ ಎತ್ತದೆ. “ನನ್ನ ಸೊಸಿ ಹೇಳಿದ ಕತಿಯಾಗಿನ ಧಣಿನೂ ಹಿಂಗ ಬೇಕಂತ ಚೆಲ್ಲಿಸಿದ್ನಂತ. ಅಂವಾ ಪಾಪ, ಆಳಿನ ಕೈಲೆ ಚೆಲ್ಲಿಸಿದ್ದ. ನಮ್ಮ ಗೌಡ್ರು ದೊಡ್ಡ ಮನಸಿನವರು, ತಾವ ಬಂದು ಚೆಲ್ಲ್ಯಾರ. ನಿಮ್ಮ ಹೊಟ್ಟಿ ತಣ್ಣಗಿರಲಿ.”

ಕೂಲಿಯವರಲ್ಲಿ ಒಬ್ಬ ಮೊದಲು ಕೆಮ್ಮಿದ. ಆಮೇಲೆ ಇಡೀ ಹೊಲವೇ ನಕ್ಕಿತು. ಆ ಆಳೂ ಬೆನ್ನು ತಿರುಗಿಸಿಕೊಂಡು ನಕ್ಕ. ಹರಸಿದವಳಿಗೆ ಹೊಡೆಯುವುದು ಹೇಗೆ? ಗೌಡರು ಕೊಡೆ ಬಿಚ್ಚಿದರು, ಮಡಚಿದರು, ಬದು ಹಿಡಿದು ಹೋದರು. ಹಕ್ಕಲು ಬಿಡಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾವು ಹೊತ್ತು ಮುಳುಗುವ ತನಕ ಆಯ್ದೆವು.

ಇದನ್ನು ಕೇಳಿದವರು ಗೌಡರ ಮನಸ್ಸು ಕರಗಿತು ಎಂದುಕೊಳ್ಳುತ್ತಾರೆ. ಕರಗಲಿಲ್ಲ. ಮುಂದಿನ ಸುಗ್ಗಿಗೆ ನಮ್ಮ ಐದೂ ಮನೆಗಳಿಗೆ ಅವರ ಹೊಲದಲ್ಲಿ ಕೂಲಿಯೂ ಇರಲಿಲ್ಲ, ಹಕ್ಕಲೂ ಇರಲಿಲ್ಲ. ನಾನು, ಅತ್ತೆ ಗಂಗಾವತಿಯ ಕಡೆಗೆ ಕಾಲುವೆ ಹೊಲಗಳಿಗೆ ಹೋಗಿ ಮೊಣಕಾಲ ಮಟ್ಟ ಕೆಸರಿನಲ್ಲಿ ನಿಂತು ಭತ್ತದ ಸಸಿ ಹಚ್ಚಿದೆವು. ದಾರಿಯುದ್ದಕ್ಕೂ ಅತ್ತೆ ನನ್ನನ್ನು ಬೈದಳು. ಬೈಯಲಿ, ಜೊತೆಗೆ ಬಂದಳಲ್ಲ.

ಆ ಐತವಾರದ ಮಾತು ಹೇಳಿಬಿಡುತ್ತೇನೆ. ಬೆಳಗ್ಗೆ ಎಲ್ಲರೂ ಪ್ರಾರ್ಥನೆಗೆ ಸೇರಿದ್ದೆವು. ಬೈಬಲಮ್ಮನೂ ಹಿಂದಿನ ದಿನವೇ ಬಂದು ಉಳಿದಿದ್ದಳು. ಉಪದೇಶಿ ಓದಲು ಶುರು ಮಾಡಿದ್ದ. ಬಾಗಿಲಿಗೆ ಆಳು ಬಂದು ನಿಂತ.

“ಕಣಕ್ಕ ಬರ್ಬೇಕಂತ! ಈಗಿಂದೀಗ!”

ಉಪದೇಶಿಯ ಓದು ನಿಂತಿತು. ಅವನು ನಮ್ಮನ್ನು ನೋಡಿದ. ಒಬ್ಬಳೂ ಏಳಲಿಲ್ಲ. ಪಕ್ಕದ ಮನೆಯ ಕೋಳಿಯವಳು ಕೂಡ ನನ್ನ ಪಕ್ಕಕ್ಕೆ ಒತ್ತಿ ಕೂತಳು. ಅವನ ಕೈ ರುಮಾಲಿನ ತನಕ ಹೋಗಿ ಹಿಂದೆ ಬಂತು. ಓದು ನಿಂತಲ್ಲಿಂದ ಮುಂದಕ್ಕೆ ಓದಿದ. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅವತ್ತೇ.

ಅತ್ತೆ ಬಾಗಿಲ ಕಡೆ ತಿರುಗಿ, “ಏ ತಮ್ಮಾ, ಬಂದ್ರ ಒಳಗ ಬಂದ ಕುಂದ್ರು. ಇಲ್ಲಾಂದ್ರ ಹೊರಗ ನಿಂತು ನಾಯಿ ಕಾಯಿ, ಒಳಗ ಬರಗೊಡಬ್ಯಾಡ,” ಎಂದಳು.

ಪ್ರಾರ್ಥನೆ ಮುಗಿದ ಮೇಲೆ ಬೈಬಲಮ್ಮ ನನ್ನ ಸೆರಗಿನ ಗಂಟು ಹಿಡಿದಳು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಮುಂದೆ ಬಂದು ಹೊಲದಲ್ಲಿ ನಡೆದದ್ದನ್ನೆಲ್ಲ ತಾನೇ ಹೇಳಿದಳು. ತನ್ನ ಮಾತನ್ನು ಎರಡೆರಡು ಸಲ ಹೇಳಿದಳು. ಬೈಬಲಮ್ಮ ನಗುತ್ತ, “ಬಿಚ್ಚು ಹಂಗಾದ್ರ,” ಎಂದಳು.

“ಬಿಚ್ಚಂಗಿಲ್ಲ,” ಎಂದೆ. “ನಾವು ಮಾಡೋದು ಮಾಡೀವಿ. ಗೌಡ್ರು ಮಾಡೋದು ಬಾಕಿ ಐತಿ.”

ಹೊರಗೆ ಬಂದರೆ ಆಳು ಇನ್ನೂ ಗೋಡೆಗೆ ಒರಗಿ ನಿಂತಿದ್ದ. ನಾಯಿ ನಿಜವಾಗಿಯೂ ದೂರ ಇತ್ತು. ಬೀಡಿ ಕಿವಿಗೆ ಸಿಕ್ಕಿಸಿಕೊಂಡು, “ಕಣಾ ಸೋಮವಾರ ಸಾರಸೂದು ಅಂತ ಹೋಗಿ ಹೇಳ್ತೀನಿ,” ಎಂದ. “ಒಣಗಾಕ ಮಂಗಳವಾರನೂ ಬೇಕು. ಎತ್ತಿಗೆ ಈ ಸಲ ಎರಡ ದಿನಾ ಸೂಟಿ ಆತು ನೋಡ್ರಿ.”