ನಾನು ಹೇಳಿದ ಪಥ್ಯ

ಇದು ಸುರುವಾದದ್ದು ಭಾವನ ಮೀನಖಂಡದ ನೋವಿನಿಂದ.

ಅಕ್ಕನ ಗಂಡ, ನನ್ನ ಭಾವ, ಮೂಡುಬಿದಿರೆಯಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದರು. ಎದೆನೋವು ಬಂದು ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರಿಗೆ ದಿನಕ್ಕೆ ಮೂರು ಮಾತ್ರೆ. ರಕ್ತ ತೆಳುವಾಗಲು ಒಂದು, ಪ್ರೆಶರಿಗೆ ಒಂದು, ಊಟದ ನಂತರ ಕೊಲೆಸ್ಟ್ರಾಲಿಗೆ ಒಂದು. ಈ ಮೂರನೆಯದನ್ನು ನುಂಗಲು ಸುರುಮಾಡಿದಂದಿನಿಂದ ಎರಡೂ ಕಾಲು ಕಡಿಯುತ್ತವೆ, ಕ್ಲಚ್ ತುಳಿಯಲಿಕ್ಕೆ ಆಗುವುದಿಲ್ಲ ಎಂದು ಅವರು ಗೊಣಗುತ್ತಿದ್ದರು. ಡಾಕ್ಟರಿಗೆ ಹೇಳಿ ಎಂದರೆ, "ಅವರಿಗೆ ನನ್ನ ಎದೆಯ ವಿಷಯ ಕೇಳ್ಲಿಕ್ಕೇ ಪುರುಸೊತ್ತಿಲ್ಲ, ಇನ್ನು ಕಾಲಿನ ಪುರಾಣ ಯಾರು ಕೇಳ್ತಾರೆ?" ಎನ್ನುತ್ತಿದ್ದರು.

ನನ್ನದು ಪಾಣೆಮಂಗಳೂರಿನಲ್ಲಿ ಬಟ್ಟೆ ಅಂಗಡಿ. ನೈಟಿ, ಬೆಡ್‌ಶೀಟಿನ ಗಂಟು ಹೊತ್ತು ಮನೆಮನೆ ತಿರುಗಿ ಮಾಡಿಕೊಂಡದ್ದು, ಯಾರೂ ಕೊಟ್ಟದ್ದಲ್ಲ. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿ ಅವರು ಕೊಳ್ಳಲು ಬಂದವರೋ ನೋಡಲು ಬಂದವರೋ ಎಂದು ಹೇಳಬಲ್ಲೆ. ಬಟ್ಟೆಯ ಜೊತೆಗೆ ಬುದ್ಧಿಮಾತನ್ನೂ ಕಟ್ಟಿ ಕೊಡುವುದು ನನ್ನ ಅಭ್ಯಾಸ. ಸೊಂಟ ನೋವಿಗೆ ಏನು, ಮಗಳಿಗೆ ಯಾವ ಕಾಲೇಜು, ಎಲ್ಲದಕ್ಕೂ ನನ್ನ ಹತ್ತಿರ ಒಂದು ಉತ್ತರ ಇರುತ್ತಿತ್ತು.

ಒಂದು ದಿನ ಚೀಲದ ತುಂಬ ಡಬ್ಬಿ ತುಂಬಿಕೊಂಡು ಒಬ್ಬಳು ಹೆಂಗಸು ಅಂಗಡಿಗೆ ಬಂದಳು. ಬೆಳ್ಳುಳ್ಳಿ, ಮೆಂತೆ, ಅಗಸೆ ಬೀಜ, ಪುನರ್ಪುಳಿ ಸಿಪ್ಪೆ ಎಲ್ಲ ಒಣಗಿಸಿ ಪುಡಿ ಮಾಡಿದ್ದಂತೆ. ಕೊಲೆಸ್ಟ್ರಾಲಿಗೆ ನೈಸರ್ಗಿಕ ಮದ್ದು. ನನಗೆ ಭಾವನ ನೆನಪಾಯಿತು. ಎರಡು ಡಬ್ಬಿಯ ಬೆಲೆಗೆ ಮೂರು ಕೊಡುವವರೆಗೆ ನಾನು ಅವಳನ್ನು ಬಿಡಲಿಲ್ಲ. ಆಮೇಲೆ ಕೇಳಿದೆ, "ಪಥ್ಯ ಎಂಥ ಉಂಟು?"

"ಪಥ್ಯವೇ ಇಲ್ಲ ಅಕ್ಕ. ಡಾಕ್ಟರ ಮಾತ್ರೆ ಅದರಷ್ಟಕ್ಕೆ ಇರಲಿ, ಇದು ಇದರಷ್ಟಕ್ಕೆ."

ಇದನ್ನು ಇಲ್ಲಿ ಬರೆದಿಡಲೇಬೇಕು. ಅವಳು ಸರಿಯಾಗಿಯೇ ಹೇಳಿದ್ದಳು.

ಆ ಆದಿತ್ಯವಾರ ಡಬ್ಬಿ ಹಿಡಿದುಕೊಂಡು ಮೂಡುಬಿದಿರೆಗೆ ಹೋದೆ. ಅಕ್ಕ ಮುಚ್ಚಳ ತೆಗೆದು ಮೂಸಿದಳು. "ಪಥ್ಯ ಎಂಥ?"

"ಎಂಥದ್ದೂ ಇಲ್ಲ."

"ಪಥ್ಯ ಇಲ್ಲದ್ದು ಎಂಥ ಮದ್ದು ಮಾರಾಯ್ತಿ? ಇದು ಚಟ್ನಿಪುಡಿ."

"ದೋಸೆಗೆ ಆಗಬಹುದು, ಇಟ್ಟುಕೋ," ಎಂದು ಭಾವ ನಕ್ಕರು. "ಇವಳಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಎಲ್ಲರಿಗೂ ಬೆಲೆ ಹೇಳಿಕೊಡುವ ನನಗೇ ಟೋಪಿ! ವ್ಯಾಪಾರದಲ್ಲಿ ನಾನು ಕಲಿತ ಒಂದು ಉಪಾಯ ಉಂಟು. ಸಾದಾ ಬೆಡ್‌ಶೀಟನ್ನೂ "ಇದನ್ನು ಬೇರೆಯೇ ಒಗೆಯಬೇಕು, ಬಿಸಿಲಿಗೆ ಹಾಕಬಾರದು" ಎಂದು ಹೇಳಿ ಕೊಟ್ಟರೆ ಗಿರಾಕಿ ಅದನ್ನು ಮೆಲ್ಲ ಮುಟ್ಟುತ್ತಾನೆ, ಬೆಲೆ ಚರ್ಚೆ ಮಾಡುವುದಿಲ್ಲ. ಕಟ್ಟುಪಾಡು ಇದ್ದ ವಸ್ತುವಿಗೆ ಮರ್ಯಾದೆ ಜಾಸ್ತಿ. ಅದೇ ಉಪಾಯ ನಾಲಿಗೆಯ ತುದಿಗೆ ಬಂತು.

"ತಮಾಷೆ ಮಾಡಿದ್ದು ಅಕ್ಕ. ಪಥ್ಯ ಉಂಟು. ಮೂರು ತಿಂಗಳು ಗಟ್ಟಿ ಹಿಡಿಯಬೇಕು. ನಮಗೆ ಕಾಮಾಲೆ ಆದಾಗ ಅಮ್ಮ ಹಿಡಿಸಿದ್ದಳಲ್ಲ, ಹಾಗೆ."

ಅಕ್ಕನ ಮುಖವೇ ಬದಲಾಯಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ದೇವರ ಕೋಣೆಯ ಹೊರಗಿನ ಗೂಡಿನಲ್ಲಿ ಇಟ್ಟಳು.

ನನ್ನ ತಲೆಯಲ್ಲಿ ಇದ್ದದ್ದು ಒಣಮೀನು, ಬದನೆ, ಕರಿದ ತಿಂಡಿ. ಅದನ್ನೆಲ್ಲ ಬಿಟ್ಟರೆ ಭಾವನ ಮೈಗೆ ಒಳ್ಳೆಯದೇ ಎಂದು ಲೆಕ್ಕ ಹಾಕಿದ್ದೆ. ಆದರೆ ಕಾಮಾಲೆಯ ಪಥ್ಯದಲ್ಲಿ ಬೆಳ್ತಂಗಡಿ ಕಡೆಯ ನಾಟಿವೈದ್ಯರು ಹಾಕಿದ ಮೊದಲನೆಯ ನಿಯಮ ಮೀನಿನದ್ದಲ್ಲ. ಇಂಗ್ಲಿಷ್ ಮದ್ದು ಮನೆಯೊಳಗೆ ಬರಬಾರದು, ಎರಡು ಮದ್ದು ಒಂದೇ ಹೊಟ್ಟೆಯಲ್ಲಿ ಜಗಳ ಮಾಡುತ್ತವೆ ಎನ್ನುವುದು. ನಮ್ಮ ಕಡೆ ಪಥ್ಯ ಅಂದರೆ ಮೊದಲು ಅದೇ. ನಾನು ಮರೆತಿದ್ದೆ, ಅಕ್ಕ ಮರೆತಿರಲಿಲ್ಲ.

ಹದಿನೈದು ದಿನದಲ್ಲಿ ಭಾವನ ಕಾಲು ನೋವು ಹೋಯಿತು. ಫೋನಿನಲ್ಲಿ ಅವರೇ ಹೇಳಿದರು, "ನಿನ್ನ ಚಟ್ನಿಪುಡಿಗೆ ಶಕ್ತಿ ಉಂಟು." ನಾನು ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ಕೆಲವರು ಆ ಹೆಂಗಸಿನಿಂದ ಡಬ್ಬಿ ತರಿಸಿಕೊಂಡರು ಕೂಡ. ನೋವು ಹೋದದ್ದು ಪುಡಿ ತಿಂದದ್ದರಿಂದ ಅಲ್ಲ, ಮಾತ್ರೆ ಬಿಟ್ಟದ್ದರಿಂದ ಎನ್ನುವುದು ಆಗ ನನಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಅಕ್ಕನ ಫೋನುಗಳಲ್ಲಿ "ಗ್ಯಾಸ್" ಎನ್ನುವ ಮಾತು ಬರತೊಡಗಿತು. ಭಾವನಿಗೆ ಗ್ಯಾಸ್, ಊಟ ಸೇರುವುದಿಲ್ಲ, ಬೆನ್ನಿನ ಹತ್ತಿರ ಹಿಡಿದ ಹಾಗೆ ಆಗುತ್ತದೆ. ಜೀರಿಗೆ ಕಷಾಯ ಕೊಡು ಎಂದೆ. ಓಮ ಜಗಿಯಲಿ ಎಂದೆ. ಒಮ್ಮೆ ಅವರು ಪಾಣೆಮಂಗಳೂರಿಗೇ ಬಂದಿದ್ದರು. ನನ್ನ ಅಂಗಡಿಗೆ ಏಳು ಮೆಟ್ಟಿಲು. ನಾಲ್ಕನೆಯದರಲ್ಲಿ ನಿಂತು, "ನೇತ್ರಾವತಿಯಲ್ಲಿ ಈ ಸಲ ನೀರು ಒಳ್ಳೆದುಂಟು" ಎಂದರು. ಅಲ್ಲಿಂದ ನದಿ ಕಾಣುವುದಿಲ್ಲ. ಎದುರು ಇರುವುದು ಗೋಡೆ. ಎಲ್ಲರ ಹೆಜ್ಜೆ ಓದುವ ನಾನು ಅದನ್ನು ನೋಡಿಯೂ ಒಳಗೆ ಕರೆದು ತಣ್ಣಗೆ ಮಜ್ಜಿಗೆ ಕೊಟ್ಟೆ.

ಎರಡು ತಿಂಗಳು ದಾಟಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿದ್ದೆ. ತಲೆನೋವಿನ ಮುಲಾಮು ಬೇಕಿತ್ತು. ಬಿಸ್ಕತ್ತಿನ ಡಬ್ಬದಲ್ಲಿ ಉಂಟು ನೋಡು ಎಂದಳು. ಮುಚ್ಚಳ ತೆಗೆದರೆ ಮೇಲೆಯೇ ಮಾತ್ರೆಯ ಪಟ್ಟಿಗಳು, ರಬ್ಬರ್ ಬ್ಯಾಂಡ್ ಹಾಕಿದ್ದು ಹಾಕಿದ ಹಾಗೆಯೇ. ಒಂದು ಮಾತ್ರೆಯೂ ಒಡೆದಿರಲಿಲ್ಲ.

"ಇದೆಂಥದು ಅಕ್ಕ?"

ಅವಳು ತೆಂಗಿನಕಾಯಿ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಪಥ್ಯ ಅಲ್ವಾ? ಒಂದು ದಿನವೂ ತಪ್ಪಿಸಲಿಲ್ಲ ಅವರು."

"ರಕ್ತದ್ದೂ?"

"ಎಲ್ಲವೂ ಇಂಗ್ಲಿಷ್ ಮದ್ದೇ ಅಲ್ವಾ?"

ಭಾವ ಎಲ್ಲಿ ಎಂದು ಕೇಳಿದೆ. ಶಾಲೆಯ ಮಕ್ಕಳನ್ನು ಆಟೋಟಕ್ಕೆ ಬೆಳ್ತಂಗಡಿಗೆ ಕರೆದುಕೊಂಡು ಹೋಗಿದ್ದರು. ಎಷ್ಟು ಮಕ್ಕಳು ಎಂದೆ. "ವ್ಯಾನು ತುಂಬ," ಎಂದಳು. ಆಗ ಮಾತ್ರ ನನ್ನ ಮುಖ ನೋಡಿ ತುರಿಯುವುದನ್ನು ನಿಲ್ಲಿಸಿದಳು. ವ್ಯಾನು ಓಡಿಸುವಾಗ ಭಾವ ಫೋನು ತೆಗೆಯುವವರಲ್ಲ. ಆದರೂ ನಾನು ಮಾಡುತ್ತಲೇ ಇದ್ದೆ. ಆಮೇಲೆ ಅಕ್ಕ, ಮಾಡಬೇಡ, ರಿಂಗಿನ ಶಬ್ದಕ್ಕೆ ಗಮನ ತಪ್ಪಿದರೆ ಏನು ಗತಿ ಎಂದಳು. ವೇಣೂರಿನ ಮೇಲಾಗಿ ಬರುವ ರಸ್ತೆಯ ಒಂದೊಂದು ತಿರುವೂ ನನಗೆ ಗೊತ್ತು. ಜಗಲಿಯಲ್ಲಿ ಕೂತು ಮನಸ್ಸಿನಲ್ಲೇ ಒಂದೊಂದಾಗಿ ಅವರನ್ನು ದಾಟಿಸಿದೆ. ಹಿಂದೆ ಕೂತ ಮಕ್ಕಳು ಬೊಬ್ಬೆ ಹಾಕುತ್ತಿರಬಹುದು, ಪದ್ಯ ಹಾಡುತ್ತಿರಬಹುದು.

ಐದು ಗಂಟೆಗೆ ಮಕ್ಕಳನ್ನು ಬಿಟ್ಟು ಭಾವ ಬಂದರು. ಅಂಗಿಯ ಬೆನ್ನು ಒದ್ದೆ. ನಾನು ನಿಂತಲ್ಲೇ ಹೇಳಿದೆ, ಪಥ್ಯ ಸುಳ್ಳು, ನಾನು ಕಟ್ಟಿ ಹೇಳಿದ್ದು, ಮಾತ್ರೆ ಬಿಡಬಾರದಿತ್ತು ಎಂದು.

"ಹಾಗಾದ್ರೆ ಒಣಮೀನು ತಿನ್ನಬಹುದಿತ್ತಾ?" ಎಂದರು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. "ವೇಣೂರು ದಾಟಿ ಬದಿಗೆ ಹಾಕಿದೆ ಇವತ್ತು. ಟಯರ್ ನೋಡ್ತೇನೆ ಅಂತ ಮಕ್ಕಳಿಗೆ ಹೇಳಿದೆ."

ಆಸ್ಪತ್ರೆಗೆ ನಾಳೆ ಹೋಗುವ ಎಂದರು. ನಾನು ಒಪ್ಪಲಿಲ್ಲ. ಜೀವನದಲ್ಲಿ ಮೊದಲ ಸಲ ಬಾಡಿಗೆ ಕೇಳದೆ ಕಾರು ಹತ್ತಿದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಇಸಿಜಿ ಕಾಗದ ಹೊರಬರುತ್ತಿದ್ದ ಹಾಗೆ ಡ್ಯೂಟಿ ಡಾಕ್ಟರಮ್ಮನ ಮಾತು ನಿಧಾನವಾಯಿತು. ಮಾತ್ರೆ ಎಷ್ಟು ದಿನದಿಂದ ಇಲ್ಲ ಎಂದು ಕೇಳಿದರು. ಅಕ್ಕ ಹೇಳಿದಳು.

"ಯಾರು ನಿಲ್ಲಿಸಲಿಕ್ಕೆ ಹೇಳಿದ್ದು?"

ಅಕ್ಕ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವ ಮೊದಲು ಭಾವ ಮಲಗಿದಲ್ಲಿಂದಲೇ, "ಯಾರೂ ಹೇಳ್ಲಿಲ್ಲ. ಕಾಲು ನೋವಾಗ್ತಿತ್ತು, ನಾನೇ ಬಿಟ್ಟೆ" ಎಂದರು.

"ಕಾಲು ನೋವು ಅಂತ ಹೇಳ್ಬೇಕಿತ್ತಲ್ಲ. ಡೋಸ್ ಕಡಿಮೆ ಮಾಡಬಹುದು, ಬೇರೆ ಮಾತ್ರೆಯೂ ಉಂಟು," ಎನ್ನುತ್ತಾ ಅವರು ಬರೆದುಕೊಂಡರು. ನನಗೆ ಬಾಯಿ ತೆರೆಯಲು ಆಗಲೂ ಸಮಯ ಇತ್ತು. ಸ್ಟ್ರೆಚರ್ ಬಾಗಿಲು ದಾಟುವವರೆಗೂ ಇತ್ತು.

ಹಳೆಯ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಕಟ್ಟಿಕೊಂಡಿತ್ತು. ಜೀವ ಉಳಿಯಿತು. ಹೃದಯದ ಒಂದು ಭಾಗ ಕೆಲಸ ನಿಲ್ಲಿಸಿದೆ. ವ್ಯಾನಿನ ಸೀಟಿನಲ್ಲಿ ಈಗ ಬೇರೆಯವರು. ಆ ಹೊತ್ತಿಗೆ ಪುಡಿ ತಿನ್ನುತ್ತಿದ್ದ ನನ್ನ ಗಿರಾಕಿಗಳನ್ನೆಲ್ಲ ಹುಡುಕಿ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಮೆಂತೆ ತಿನ್ನಿ, ಅಗಸೆ ತಿನ್ನಿ, ಡಬ್ಬಿಯನ್ನು ಮೊದಲು ಡಾಕ್ಟರಿಗೆ ತೋರಿಸಿ. ಮಾತ್ರೆ ಆಗುವುದಿಲ್ಲವಾದರೆ ಅವರ ಹತ್ತಿರವೇ ಜಗಳ ಮಾಡಿ, ಬೆಲೆಗೆ ಮಾಡುವ ಹಾಗೆ. ಮನೆಯಲ್ಲಿ ಕೂತು ಬಿಡಬೇಡಿ.

ತಿಂಗಳಿಗೊಮ್ಮೆ ತಪಾಸಣೆಗೆ ಭಾವನ ಜೊತೆ ನಾನೇ ಹೋಗುತ್ತೇನೆ. ಪ್ರತಿ ಸಲ ಹೊಸ ಡಾಕ್ಟರು ಫೈಲು ತೆರೆದು ಆ ಸಾಲನ್ನು ಓದಿ, ನೀವೇ ಮಾತ್ರೆ ಬಿಟ್ಟದ್ದಾ ಎಂದು ಅವರನ್ನು ಬಯ್ಯುತ್ತಾರೆ. ಅವರು ತಲೆ ತಗ್ಗಿಸಿ ಹೌದು ಎನ್ನುತ್ತಾರೆ. ಹೋದ ವಾರದವರು ಹೇಳಿದರು, "ಇನ್ನೊಮ್ಮೆ ಹೀಗಾದರೆ..." ಪಕ್ಕದ ಕುರ್ಚಿಯಲ್ಲಿ ನಾನು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.