ಹಾಸು ಕೆಚ್ಚುವ ಹೊತ್ತಿನ ಓದು: ನಮ್ಮ ಹೊನ್ನೂರಸ್ವಾಮಿಯವರು

ಕನ್ನಡದಲ್ಲಿ ಹೊಸ ಕಾದಂಬರಿಯೊಂದು ಬಂದರೆ ಅದನ್ನು ಬಿಡುಗಡೆ ಮಾಡಲು ವೇದಿಕೆಯುಂಟು, ಹೊಗಳಲು ಮುನ್ನುಡಿಯುಂಟು, ತೆಗಳಲು ವಿಮರ್ಶಕರುಂಟು. ಆದರೆ ಆ ಕಾದಂಬರಿ ಪ್ರಕಾಶಕರ ಗೋದಾಮಿನಿಂದ ಹೊರಟು, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಕೆಲಸ ಮುಗಿಸಿ ಬಂದವನ ಕೈಗೋ ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತವಳ ಕಿವಿಗೋ ತಲುಪಬೇಕಾದರೆ ನಡುವೆ ಒಬ್ಬ ಮನುಷ್ಯ ಬೇಕಾಗುತ್ತದೆ. ನಮ್ಮ ಸೀಮೆಯಲ್ಲಿ ಮೂರು ದಶಕಗಳ ಕಾಲ ಆ ಮನುಷ್ಯರಾಗಿದ್ದವರು ಗ್ರಂಥಪಾಲಕ ಶ್ರೀ ಹೊನ್ನೂರಸ್ವಾಮಿಯವರು. ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಕೈಕೆಳಗೆ ದುಡಿದ, ಅವರಿಂದ ಬೈಸಿಕೊಂಡ, ಬೈದಾದ ಮೇಲೆ ಅವರೇ ತರಿಸಿದ ಟೀ ಕುಡಿದ ಸಹೋದ್ಯೋಗಿಯೊಬ್ಬಳು ಈ ಅಭಿನಂದನ ಗ್ರಂಥಕ್ಕಾಗಿ ನಾಲ್ಕು ಮಾತು ಬರೆಯುತ್ತಿದ್ದಾಳೆ. ಹೊಗಳಿಕೆ ಧಾರಾಳವಾಗಿರಲಿ ಎಂದು ಸಂಪಾದಕರು ಸೂಚಿಸಿದ್ದಾರೆ. ಇದೆ. ಆದರೆ ಅವರು ಮಾಡಿದ ಒಂದು ತಪ್ಪನ್ನು ಬಿಟ್ಟು ಅವರನ್ನು ಹೊಗಳುವುದು ಈಕೆಗೆ ಸಾಧ್ಯವಾಗಿಲ್ಲ. ಅದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಬಿ.ಜಿ. ಕೆರೆಯಲ್ಲಿ ಕುರಿ ಕಾಯುತ್ತಿದ್ದ ಹುಲಿಯಪ್ಪನವರ ಮಗನಾಗಿ ಹುಟ್ಟಿದ ಹೊನ್ನೂರಸ್ವಾಮಿಯವರ ಮನೆಯಲ್ಲಿ ಪುಸ್ತಕವೆಂಬುದು ಇರಲಿಲ್ಲ, ಕಥೆಗೇನೂ ಕೊರತೆಯಿರಲಿಲ್ಲ. ಮಂದೆಯ ಜೊತೆ ತಿಂಗಳುಗಟ್ಟಲೆ ಹೊರಗಿದ್ದು ಬಂದ ತಂದೆ ತರುತ್ತಿದ್ದ ಚೂರುಪಾರು ಸುದ್ದಿಗೆ ತಾಯಿ ಚಿಕ್ಕಕ್ಕ ಕೈಕಾಲು ಮೂಡಿಸಿ ಇಡೀ ಕೇರಿಗೆ ಹೇಳುತ್ತಿದ್ದರಂತೆ. ಮಗ ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಓದಿ, ಗ್ರಂಥಾಲಯ ವಿಜ್ಞಾನದ ಕೋರ್ಸು ಮುಗಿಸಿ, ಅದೇ ಊರಿನ ಗ್ರಂಥಾಲಯದಲ್ಲಿ ಸಹಾಯಕರಾಗಿ ಸೇರಿದರು. ಸುದ್ದಿ ಕೇಳಿದ ಹುಲಿಯಪ್ಪನವರು, "ಪುಸ್ತಕ ಕಾಯಾಕೂ ಸಂಬಳ ಕೊಡ್ತಾರೇನಲೇ? ಅವೇನು ಓಡಿ ಹೋಗ್ತಾವಾ?" ಎಂದು ಕೇಳಿದ್ದನ್ನು ಹೊನ್ನೂರಸ್ವಾಮಿಯವರು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಓಡದ ಪುಸ್ತಕಗಳನ್ನು ಓಡಿಸುವುದೇ ತಮ್ಮ ಕೆಲಸವೆಂದು ಅವರು ತಿಳಿದರು. ಹೊಸ ಕಾದಂಬರಿ ಬಂದರೆ ಮೊಹರು ಹೊಡೆದು ಬೀರುವಿಗೆ ಸೇರಿಸಿ ಬೀಗ ಹಾಕುವುದು ಅಂದಿನ ರೂಢಿ. ಇವರು ಅದನ್ನು ಸೀರೆ ಅಂಗಡಿಯವರು ಸೆರಗು ಬಿಚ್ಚಿ ಹಾಸುವ ಹಾಗೆ ದಿನಪತ್ರಿಕೆಗಳ ಮೇಜಿನ ಮೇಲೆ ತೆರೆದಿಡುತ್ತಿದ್ದರು. ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ ಜುಂಜಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಫ್ಯಾನಿನ ಗಾಳಿಗೆಂದೇ ಅಲ್ಲಿಗೆ ಬರುತ್ತಿದ್ದವನು. ಒಂದು ದಿನ, "ಸಾರ್, ನಿದ್ದೆ ಬರೋ ಅಂಥದ್ದು ಯಾವ್ದಾದ್ರೂ ಕೊಡ್ರಿ" ಎಂದ. ಹೊನ್ನೂರಸ್ವಾಮಿಯವರು ಗಂಭೀರವಾಗಿ ತಲೆಯಾಡಿಸಿ, ಕೋಟೆಗೆ ಮುತ್ತಿಗೆ ಹಾಕುವ ಕಥೆಯಿದ್ದ ಹೊಸ ಕಾದಂಬರಿಯೊಂದನ್ನು ಕೊಟ್ಟರು. ಜುಂಜಣ್ಣನಿಗೆ ನಿದ್ದೆಯೂ ಬರಲಿಲ್ಲ, ಮಿಲ್ಲಿನ ನೆನಪೂ ಬರಲಿಲ್ಲ. ಮೇಸ್ತ್ರಿ ಅವನನ್ನು ಕೆಲಸದಿಂದ ತೆಗೆಯುವೆನೆಂದು ಕೂಗಾಡುತ್ತಿದ್ದಾಗ ಇವರೇ ಮಿಲ್ಲಿನವರೆಗೆ ನಡೆದುಹೋಗಿ ತಪ್ಪು ತಮ್ಮದೆಂದು ಹೇಳಿ ಕೆಲಸ ಉಳಿಸಿಕೊಟ್ಟರು. ಮುಂದೆ ಜುಂಜಣ್ಣ ಸೇಂಗಾ ಸೀಸನ್ನು ಮುಗಿದ ಕೂಡಲೇ ಬಂದು, "ಈಗ ದಪ್ಪದ್ದು ಕೊಡ್ರಿ" ಎಂದು ಹಕ್ಕಿನಿಂದ ಕೇಳುವಂಥ ಓದುಗನಾದ.

ಮೊಳಕಾಲ್ಮೂರಿಗೆ ವರ್ಗವಾಗಿ ಬಂದಾಗ ಈ ಉಪಾಯ ನಡೆಯಲಿಲ್ಲ. ಇಲ್ಲಿ ಮಗ್ಗಗಳಿರುವುದು ಮನೆಯೊಳಗೆ. ಬೆಳಕಿರುವಷ್ಟು ಹೊತ್ತು ಮಗ್ಗ ಬಿಟ್ಟು ಏಳುವವರಿಲ್ಲ. ಓದುಗರು ಬರದಿದ್ದರೆ ಪುಸ್ತಕವೇ ಹೋಗಲಿ ಎಂದು ಹೊನ್ನೂರಸ್ವಾಮಿಯವರು ಹೊಸ ಕಾದಂಬರಿಯನ್ನು ಹೆಗಲ ಚೀಲದಲ್ಲಿಟ್ಟುಕೊಂಡು ನೇಕಾರರ ಬೀದಿಗೆ ಹೊರಟರು. ಮೊದಲ ದಿನವೇ ಪೆಚ್ಚಾದರು. ಲಾಳಿಯ ಸದ್ದಿನಲ್ಲಿ ನಾಯಕಿಯ ಅಳಲು ಯಾರಿಗೆ ಕೇಳಬೇಕು? ಮೂಗಮ್ಮ ಎಂಬ ಹಿರಿಯ ನೇಕಾರ್ತಿ ಇವರ ಪಾಡು ನೋಡಿ ನಕ್ಕು, "ಕೆಚ್ಚೋ ದಿನ ಬರ್ರಿ ಸ್ವಾಮಣ್ಣ. ಅವತ್ತು ಕೈಗಷ್ಟೇ ಕೆಲ್ಸ, ಕಿವಿ ಖಾಲಿ ಇರ್ತಾವೆ" ಎಂದರು. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದುದ್ದ ಹೂಡಿದ ನೂಲು, ನೇಯ್ದು ಮುಗಿಯುವಾಗ ಅದರ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಬೂದಿ ಸವರಿದ ಬೆರಳಿನಿಂದ ಒಂದೊಂದಾಗಿ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಗಳ, ಸದ್ದಿಲ್ಲದ ಕೆಲಸ. ಅಂದಿನಿಂದ ಯಾರ ಮನೆಯಲ್ಲಿ ಹಾಸು ಕೆಚ್ಚುತ್ತಾರೋ ಅಲ್ಲಿ ಹೊನ್ನೂರಸ್ವಾಮಿಯವರ ಓದು ನಡೆಯತೊಡಗಿತು. ನೆರೆಹೊರೆಯವರೂ ಬಂದು ಕೂರುತ್ತಿದ್ದರು. ಇವರು ನೀರು ಕುಡಿಯಲು ಓದು ನಿಲ್ಲಿಸಿದರೆ ಸಾಕು, "ತರ್ವಾತ ಏಮೈಂದಿ?" ಎಂದು ಆಮೇಲಿನ ಸಂಗತಿಯನ್ನು ತೆಲುಗಿನಲ್ಲೇ ಕೇಳುವವರಿದ್ದರು.

ಈ ಓದಿಗೆ ಅವರದೇ ಎರಡು ನೇಮಗಳಿದ್ದವು. ಓದು ಬಲ್ಲವರಿರುವ ಮನೆಯಲ್ಲಿ ಕಥೆ ಬಿಗಿಯಾಗುವಲ್ಲಿ ನಿಲ್ಲಿಸಿ, ಮಿಕ್ಕದ್ದಕ್ಕೆ ಗ್ರಂಥಾಲಯಕ್ಕೆ ಬನ್ನಿ ಎನ್ನುತ್ತಿದ್ದರು. ಮೂಗಮ್ಮನವರಂತೆ ಅಕ್ಷರ ಬಾರದವರಿರುವಲ್ಲಿ ಮಾತ್ರ ಕೊನೆಯವರೆಗೂ ಓದುತ್ತಿದ್ದರು. ಇನ್ನೊಂದು, ಕೊನೆಯ ಅಧ್ಯಾಯವನ್ನು ತಾವೂ ಮೊದಲೇ ನೋಡುತ್ತಿರಲಿಲ್ಲ. ಕೇಳುವವರ ಜೊತೆಗೇ ತಮಗೂ ಅದು ಹೊಸದಾಗಿರಬೇಕು, ಇಲ್ಲದಿದ್ದರೆ ದನಿಯಲ್ಲಿ ಗುಟ್ಟು ರಟ್ಟಾಗುತ್ತದೆ ಎಂಬುದು ಅವರ ನಂಬಿಕೆ. ಎಡವಿದ್ದು ಇಲ್ಲಿಯೇ.

ಮೂಗಮ್ಮನವರ ಹಿರಿಯ ಮಗ ಪ್ರಭು ಲಾರಿ ಓಡಿಸುತ್ತಿದ್ದವನು, ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಿದ್ದ. ಅದಾಗಿ ವರ್ಷ ಕಳೆದ ಮೇಲೆ ಆ ಮನೆಯಲ್ಲಿ ಮತ್ತೆ ಓದು ಆರಂಭವಾಯಿತು. ಪಾಳೆಯಗಾರರ ಕಾಲದ ಹೊಸ ಐತಿಹಾಸಿಕ ಕಾದಂಬರಿ. ಹೆಸರು ಹೇಳಿದರೆ ಇನ್ನೂ ಓದದವರಿಗೆ ಕೊನೆಯನ್ನು ಬಿಟ್ಟುಕೊಟ್ಟಂತಾಗುತ್ತದೆ, ಆ ಪಾಪ ಇಲ್ಲಿ ಬೇಡ. ದನ ಕಾಯುವವಳ ಮಗನೊಬ್ಬ ಕೋಟೆಯ ಕಾವಲಿಗೆ ಹೋಗುತ್ತಾನೆ, ಯುದ್ಧ ಮುಗಿದು ಊರಿನ ದಾರಿ ಹಿಡಿಯುತ್ತಾನೆ. ತಾಯಿ ಕಾಯುತ್ತಿದ್ದಾಳೆ. ಹೊನ್ನೂರಸ್ವಾಮಿಯವರು ಪುಟ ತಿರುವಿದರು. ಊರು ಕಣ್ಣಿಗೆ ಕಾಣುವ ಹಳ್ಳದ ದಂಡೆಯಲ್ಲಿ ಆ ಹುಡುಗ ಗಾಯದಿಂದ ಸಾಯುವುದು ಅಲ್ಲಿ ಅಚ್ಚಾಗಿತ್ತು. ಎದುರಿಗೆ ಮೂಗಮ್ಮ ಎಳೆ ಹೊಸೆಯುವುದನ್ನೂ ಮರೆತು ಇವರ ಬಾಯಿಯನ್ನೇ ನೋಡುತ್ತಿದ್ದರು.

ಹೊನ್ನೂರಸ್ವಾಮಿಯವರ ಕಣ್ಣು ಪುಟದ ಮೇಲೆಯೇ ಇತ್ತು, ಬಾಯಿ ಬೇರೆ ದಾರಿ ಹಿಡಿಯಿತು. ಹುಡುಗ ಹಳ್ಳ ದಾಟಿದ, ಮನೆಗೆ ಬಂದ, ತಾಯಿ ಅವನಿಗೆ ಬಿಸಿ ಮುದ್ದೆ ಬಡಿಸಿದಳು. ಕಥೆ ಕಟ್ಟಿ ಅಭ್ಯಾಸವಿಲ್ಲದ ಪಾಪದ ಮನುಷ್ಯ ಗಾಬರಿಯಲ್ಲಿ ಪಾಳೆಯಗಾರರ ಕಾಲದ ತಟ್ಟೆಗೆ ಆಗಿನ್ನೂ ಈ ಸೀಮೆ ಕಾಣದ ಟೊಮೆಟೊದ ಗೊಜ್ಜನ್ನೂ ಹಾಕಿಸಿದರು. "ಉಂಡ್ನಾ ಸ್ವಾಮಣ್ಣ?" ಎಂದು ಮೂಗಮ್ಮ ಕೇಳಿದರು. "ಹೊಟ್ಟೆ ತುಂಬ ಉಂಡ ಅಕ್ಕಾ" ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರಂತೆ. ಒಳ್ಳೆಯ ಕೆಲಸ ಮಾಡಿದೆನೆಂದೇ ನಂಬಿ ಹೊನ್ನೂರಸ್ವಾಮಿಯವರು ಮನೆಗೆ ಹೋದರು.

ಮುಂದಿನ ವರ್ಷ ಕಿರಿಯ ಮಗನ ಮದುವೆಯಾಗಿ ಚಳ್ಳಕೆರೆಯಿಂದ ಗೀತಮ್ಮ ಸೊಸೆಯಾಗಿ ಬಂದಳು. ಓದು ಬಲ್ಲವಳು. ಮೂಗಮ್ಮ ಅವಳನ್ನು ಗ್ರಂಥಾಲಯಕ್ಕೆ ಅಟ್ಟಿ ಆ ಕಾದಂಬರಿಯನ್ನೇ ತರಿಸಿದರು. "ಮಗ ಬಂದು ಉಣ್ಣೋದು ಐತಲ್ಲ, ಅದನ್ನ ಓದೇ" ಎಂದರು. ಗೀತಮ್ಮ ಹುಡುಕಿದಳು, ಮತ್ತೆ ಹುಡುಕಿದಳು. ಸುಳ್ಳು ಹೇಳಲು ಅವಳಿಗೆ ಕಾರಣವೇ ಇರಲಿಲ್ಲ. "ಅತ್ತೆ, ಊಟ ಎಲ್ಲೂ ಇಲ್ಲ. ಅವ್ನು ಹಳ್ಳದ ತಾವೇ ಸತ್ತೋಗ್ತಾನೆ" ಎಂದಳು.

ಮುಂದಿನ ಸಲ ಹಾಸು ಕೆಚ್ಚುವ ದಿನ ಹೊನ್ನೂರಸ್ವಾಮಿಯವರು ಹೋದಾಗ ಮೂಗಮ್ಮ ಬಾಗಿಲಲ್ಲೇ ನಿಂತು, "ಓದೋದು ಬ್ಯಾಡ ಸ್ವಾಮಣ್ಣ, ಹೋಗ್ರಿ" ಎಂದರು. ಕಾರಣ ಬೀದಿಗೆಲ್ಲ ತಿಳಿಯಿತು. ಹಾಗಾದರೆ ನಮಗೂ ಎಷ್ಟು ಕಥೆ ತಿರುಚಿ ಓದಿದ್ದಾರೋ ಎಂದು ಒಬ್ಬೊಬ್ಬರಾಗಿ ಅನುಮಾನಪಟ್ಟರು. ವರ್ಷಗಟ್ಟಲೆ ಪ್ರಾಮಾಣಿಕವಾಗಿ ಓದಿದ್ದೆಲ್ಲ ಒಂದು ಪುಟದಿಂದಾಗಿ ಸುಳ್ಳಾಯಿತು. ಹೊನ್ನೂರಸ್ವಾಮಿಯವರು ಚೀಲವನ್ನು ಮೊಳೆಗೆ ನೇತುಹಾಕಿದರು. ಇನ್ನು ಯಾರ ಮನೆಯಲ್ಲೂ ಓದುವುದಿಲ್ಲ, ನಿವೃತ್ತಿಗೆ ಉಳಿದ ತಿಂಗಳುಗಳನ್ನು ಮೊಹರು ಹೊಡೆದುಕೊಂಡು ಕಳೆಯುತ್ತೇನೆ ಎಂದರು. ಬಂದ ಹೊಸ ಕಾದಂಬರಿಗಳು ಬೀರುವಿಗೆ ಹೋದವು. ಅವರು ಅಷ್ಟು ಕುಗ್ಗಿದ್ದನ್ನು ನಾವು ಎಂದೂ ನೋಡಿರಲಿಲ್ಲ, ನೋಡಲಾಗುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ಮೂಗಮ್ಮನವರೇ ಗೀತಮ್ಮನ ಜೊತೆ ಗ್ರಂಥಾಲಯಕ್ಕೆ ಬಂದರು. ಆಕೆ ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಹೊನ್ನೂರಸ್ವಾಮಿಯವರು ಎದ್ದು ನಿಂತು, "ನಿಮಗೆ ನೋವಾಗ್ತದೆ ಅಂತ ಹಂಗೆ ಮಾಡಿದೆ ಅಕ್ಕಾ" ಎಂದರು.

"ನನ್ ಪ್ರಭು ಹೋದ ದಿನಾನೂ ಎಲ್ರೂ ಹಂಗೇ ಅಂದ್ಕಂಡ್ರು" ಎಂದರು ಮೂಗಮ್ಮ. "ಆಸ್ಪತ್ರೇಲಿ ಐದಾನೆ, ಮಾತಾಡ್ತಾ ಐದಾನೆ, ಸಾಯಂಕಾಲ ಕರ್ಕಂಡು ಬರ್ತೀವಿ ಅಂದ್ರು. ನಾನು ಅನ್ನ ಮಾಡಿಟ್ಟು ಕಾಯ್ತಾ ಕುಂತಿದ್ದೆ. ಬೀದಿಗೆಲ್ಲ ಗೊತ್ತಿತ್ತು, ಹಡೆದವಳಿಗೊಬ್ಬಳಿಗೇ ಗೊತ್ತಿರಲಿಲ್ಲ. ನೀವೂ ಅವರಂಗೇ ಮಾಡಿದ್ರಿ. ಸತ್ತ ಅಂತ ಓದಿದ್ರೆ ಅತ್ಕಂತಿದ್ದೆ. ನಾನು ತಡ್ಕಳಲ್ಲ ಅಂತ ನಿಮಗ್ಯಾರು ಹೇಳಿದ್ರು? ಕತೇಲಾದ್ರೂ ನಿಜ ಹೇಳ್ರಿ ಸ್ವಾಮಣ್ಣ."

ಕೇಳುವವರ ಮೇಲೆ ತಮಗಿದ್ದದ್ದು ಮರುಕವೇ ಹೊರತು ಗೌರವವಲ್ಲವೆಂದು ಆ ಕ್ಷಣ ತಮಗೆ ಹೊಳೆಯಿತೆಂದು ಹೊನ್ನೂರಸ್ವಾಮಿಯವರು ಆಮೇಲೆ ನಮ್ಮ ಬಳಿ ಹೇಳಿಕೊಂಡರು. ಮೂಗಮ್ಮ ಬಾಗಿಲವರೆಗೆ ಹೋದವರು ತಿರುಗಿ, "ಸೋಮವಾರ ಕೆಚ್ಚೋದೈತೆ. ಆ ಪುಸ್ತಕಾನೇ ತಗಂಡು ಬರ್ರಿ" ಎಂದರು.

ಸೋಮವಾರ ಇದನ್ನು ಬರೆಯುತ್ತಿರುವವಳೂ ಅವರ ಜೊತೆಗೆ ಹೋಗಿದ್ದಳು. ಬೀದಿಯ ಹೆಂಗಸರೆಲ್ಲ ಸೇರಿದ್ದರು. ಹೊನ್ನೂರಸ್ವಾಮಿಯವರು ಅಚ್ಚಾಗಿದ್ದುದನ್ನು ಅಕ್ಷರ ಬಿಡದೆ ಓದಿದರು. ಹುಡುಗ ಹಳ್ಳದ ದಂಡೆಯಲ್ಲಿ ಸತ್ತ. ಜನ ಅವನನ್ನು ಹೊತ್ತು ತಂದರು, ತಾಯಿ ಅವನ ಕಾಲಿನ ಧೂಳು ತೊಳೆದಳು. ಎರಡು ಕಡೆ ಅವರ ದನಿ ಒಡೆಯಿತು, ನಿಲ್ಲಿಸಲಿಲ್ಲ. ಮೂಗಮ್ಮ ಬೂದಿಗೈಯನ್ನು ಮುಖಕ್ಕೆ ಒತ್ತಿಕೊಂಡು ಬಾಯಿಬಿಟ್ಟು ಅತ್ತರು. ಸಮಾಧಾನಕ್ಕೆ ಬಂದವರನ್ನೆಲ್ಲ ದೂರ ಸರಿಸಿದರು. ಅತ್ತು ಮುಗಿದ ಮೇಲೆ ಸೊಸೆಯ ಕಡೆ ತಿರುಗಿ, "ನೀನು ನನ್ ಪ್ರಭುನ ನೋಡೇ ಇಲ್ಲ ಅಲ್ಲೇನೇ? ಕೇಳಿಲ್ಲಿ" ಎಂದು ಆರಂಭಿಸಿದರು. ಅವನು ಹುಟ್ಟಿದ್ದು, ಮಗ್ಗದ ಗುಂಡಿಗೆ ಬಿದ್ದು ಹಲ್ಲು ಮುರಿದುಕೊಂಡಿದ್ದು, ಮೊದಲ ಸಲ ಲಾರಿ ತಂದು ಬೀದಿಯಲ್ಲಿ ಹಾರನ್ ಹೊಡೆದು ಎಲ್ಲರಿಂದ ಬೈಸಿಕೊಂಡಿದ್ದು. ಮನೆಯಲ್ಲಿ ಯಾರೂ ಎತ್ತದೆ ಬಿಟ್ಟಿದ್ದ ಹೆಸರು ಅಂದು ಹತ್ತಾರು ಸಲ ಕೇಳಿಸಿತು. ಕಥೆ ಆ ಕೊನೆಯ ದಿನಕ್ಕೆ ಬಂದಾಗ ನೆರೆಯವಳೊಬ್ಬಳು, "ಸಾಕು ಬಿಡಕ್ಕ" ಎಂದಳು. "ಸುಮ್ಕಿರು, ಪೂರ್ತಿ ಹೇಳ್ತೀನಿ" ಎಂದರು ಮೂಗಮ್ಮ. ಹೊನ್ನೂರಸ್ವಾಮಿಯವರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಆಕೆಯ ಮಾತು ಮುಗಿಯುವವರೆಗೂ ಕೇಳಿದರು.

ಈಗ ಆ ಬೀದಿಯಲ್ಲಿ ಓದು ಮತ್ತೆ ನಡೆಯುತ್ತಿದೆ. ಕೊನೆಯ ಅಧ್ಯಾಯವನ್ನು ಮೊದಲೇ ನೋಡದ ನೇಮವನ್ನು ಅವರು ಬಿಟ್ಟಿಲ್ಲ, ಬಿಡಬೇಡಿರೆಂದು ಮೂಗಮ್ಮನವರ ಆಜ್ಞೆಯಾಗಿದೆ. ಸರ್ಕಾರ ಅವರಿಂದ ಗ್ರಂಥಾಲಯದ ಬೀಗದ ಕೈಯನ್ನು ಮಾತ್ರ ಹಿಂದಕ್ಕೆ ಪಡೆಯಬಲ್ಲದು. ಹೊಸ ಕಾದಂಬರಿಗಳು ಬರುತ್ತಲೇ ಇರಲಿ, ಅವುಗಳಲ್ಲಿ ಸಾಯಬೇಕಾದವರು ಸಾಯಲಿ, ಹೊನ್ನೂರಸ್ವಾಮಿಯವರು ಅದನ್ನು ಇದ್ದಂತೆಯೇ ಓದಿ ಹೇಳಲಿ. ಅಳಲು ನಾವೆಲ್ಲ ಗಟ್ಟಿಯಾಗಿಯೇ ಇದ್ದೇವೆ. ಓದುವವರು ಮಾತ್ರ ನೂರು ವರ್ಷ ಚೆನ್ನಾಗಿ ಬಾಳಲಿ.